ಅತ್ತೆಯ ಹೆಸರಿನ ಮಗಳು

ಮದುವೆಯಾಗಿ ಎರಡನೆಯ ವರ್ಷವಿರಬೇಕು, ಕುಂದಾಪುರದ ಸೀರೆ ಅಂಗಡಿಯೊಂದರಲ್ಲಿ ನಾನು ಅರ್ಧ ಗಂಟೆ ಬೆರಳು ಚಾಚಿಕೊಂಡು ನಿಂತಿದ್ದೆ. ಅಂಗಡಿಯವರು ಹಸಿರು ಬಿಚ್ಚಿದರು, ಕೆಂಪು ಬಿಚ್ಚಿದರು, ನೇರಳೆಯನ್ನು ಹರವಿ ಅದರ ಸೆರಗಿನ ಗುಣಗಾನವನ್ನೂ ಮಾಡಿದರು. ನಾನು ಮಾತ್ರ ಅದಲ್ಲ, ಅದರ ಕೆಳಗಿನದ್ದು, ಅದೂ ಅಲ್ಲ, ಅದರ ಪಕ್ಕದ್ದು ಎನ್ನುತ್ತಿದ್ದೆನೇ ಹೊರತು ಬಣ್ಣದ ಹೆಸರು ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ನನಗೆ ಬೇಕಿದ್ದದ್ದು ಗುಲಾಬಿ ಬಣ್ಣದ ಸೀರೆ, ಮತ್ತು ನನ್ನ ಅತ್ತೆಯ ಹೆಸರು ಗುಲಾಬಿ. ಕೊನೆಗೆ ನೇರಳೆಯದನ್ನೇ ಕಟ್ಟಿಸಿಕೊಂಡು ಹಾಲಾಡಿ ಬಸ್ಸು ಹತ್ತಿದೆ.

ನೀವು ನಗಬಹುದು. ನಗಿ, ನನಗೆ ಬೇಸರವಿಲ್ಲ. ಆದರೆ ಗಂಡನ ಹೆಸರು, ಅತ್ತೆ ಮಾವಂದಿರ ಹೆಸರು ಬಾಯಲ್ಲಿ ಬರಬಾರದು ಎಂಬುದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಊಟ ಮಾಡುವಾಗ ಬಲಗೈ ತಾನಾಗಿ ಮುಂದೆ ಬರುತ್ತದಲ್ಲ, ಅಷ್ಟು ಸಹಜವಾಗಿ ಅದು ಬಂದಿತ್ತು. ನನ್ನ ತವರು ಬೈಂದೂರಿನ ಕಡೆ. ಅಲ್ಲಿ ನನ್ನ ಚಿಕ್ಕಮ್ಮನ ಗಂಡನ ಹೆಸರು ಚಂದ್ರ. ಆಕೆ ಪ್ರತಿ ಸಂಕಷ್ಟಿಗೂ ಉಪವಾಸ ಮಾಡುವವಳು, ಚಂದ್ರನನ್ನು ಕಾಣದೆ ತುತ್ತು ಎತ್ತುವ ಹಾಗಿಲ್ಲ. ಅಂಗಳದಲ್ಲಿದ್ದ ನಮ್ಮನ್ನು ಕೂಗಿ, "ಹ್ವಾಯ್ ಮಕ್ಕ್ಳೇ, ಮೇಲ್ನೋರ್ ಬಂದ್ರಾ ಕಾಣಿನಿ" ಎಂದು ಕೇಳುತ್ತಿದ್ದಳು. ಆಕಾಶದ ಚಂದ್ರನಿಗೆ ಬಹುವಚನ ಸಿಕ್ಕಿದ್ದು ಆ ಒಂದು ಮನೆಯಲ್ಲೇ ಇರಬೇಕು. ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಮುಂದೆ ನನಗೂ ಅದೇ ಕಾದಿದೆ ಎಂದು ತಿಳಿಯದೆ.

ಗುಲಾಬಿ ಎಂಬ ಹೆಸರಿನ ಬಗ್ಗೆ ನಾನು ಯೋಚಿಸಿದಷ್ಟು ಯಾರೂ ಯೋಚಿಸಿರಲಾರರು. ಬಾಯಿಯಿಂದ ಹೊರಗೆ ಬಿಡಲಾಗದ ಮಾತು ತಲೆಯೊಳಗೆ ತಿರುಗುತ್ತಲೇ ಇರುತ್ತದೆ. ನಿಘಂಟಿನಲ್ಲಿ ನೋಡಿದರೆ ಅದು ಪಾರಸಿಯಿಂದ ಬಂದದ್ದಂತೆ, ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಮದುವೆಮನೆಯ ಬಾಗಿಲಲ್ಲಿ ಮೈಮೇಲೆ ಚಿಮುಕಿಸುತ್ತಾರಲ್ಲ, ಆ ಪನ್ನೀರು. ಹಿಂದೆ ಬಸರೂರು ಬಾರಕೂರುಗಳ ಬಂದರಿಗೆ ಕುದುರೆ ತಂದ ವ್ಯಾಪಾರಿಗಳು ಈ ಮಾತನ್ನೂ ಇಳಿಸಿ ಹೋದರೋ, ಮುಂಬೈಯ ಹೋಟೆಲುಗಳಿಗೆ ದುಡಿಯಲು ಹೋದ ನಮ್ಮ ಗಂಡಸರು ಪೆಟ್ಟಿಗೆಯಲ್ಲಿಟ್ಟು ತಂದರೋ, ನನಗೆ ತಿಳಿಯದು. ನನಗಿರುವ ಆಶ್ಚರ್ಯ ಬೇರೆ. ನಮ್ಮ ಕರಾವಳಿಯ ಅಂಗಳದಲ್ಲಿ ಮಲ್ಲಿಗೆ ಇತ್ತು, ಅಬ್ಬಲಿಗೆ ಇತ್ತು, ದಾಸವಾಳ ಬೇಲಿಯುದ್ದಕ್ಕೂ ಇತ್ತು. ಉಪ್ಪುಗಾಳಿಗೆ, ಜಡಿಮಳೆಗೆ ಕೊಳೆತು ಹೋಗುವ ಗುಲಾಬಿ ಒಂದು ಮಾತ್ರ ಇರಲಿಲ್ಲ. ಆದರೂ ಅಬ್ಬಲಿಗೆ ಎಂಬ ಹೆಸರಿನ ಹೆಂಗಸನ್ನು ನಾನು ಕಂಡಿಲ್ಲ, ಗುಲಾಬಿಯರಿಗೆ ಲೆಕ್ಕವಿಲ್ಲ. ಮತದಾರರ ಪಟ್ಟಿ ತೆರೆದರೆ ಗುಲಾಬಿ ಶೆಡ್ತಿ, ಗುಲಾಬಿ ಪೂಜಾರ್ತಿ, ಗುಲಾಬಿ ಮೊಗವೀರ್ತಿ; ಗದ್ದೆ ನಾಟಿಗೆ ಇಳಿದವರಲ್ಲಿ ಇಬ್ಬರು ಗುಲಾಬಿಯರು, ಮೀನು ಬುಟ್ಟಿ ಹೊತ್ತು ಬರುವವಳು ಮೂರನೆಯವಳು. ಯಾರೂ ಕಾಣದ ಹೂವಿನ ಹೆಸರನ್ನು ಊರಿಗೆ ಊರೇ ಹೆಣ್ಣುಮಕ್ಕಳಿಗೆ ಇಟ್ಟಿತ್ತು. ಬಡತನದಲ್ಲಿ ಕೊಡಬಹುದಾದ ಚಂದದ ವಸ್ತು ಅದೊಂದೇ ಇತ್ತೇನೋ.

ನನ್ನ ಮಗಳು ಹುಟ್ಟಿದ್ದು ೧೯೯೭ರಲ್ಲಿ. ಆ ಹೊತ್ತಿಗೆ ಗುಲಾಬಿಯರ ಕಾಲ ಮುಗಿದಿತ್ತು. ತೊಟ್ಟಿಲಿನಲ್ಲಿದ್ದವರೆಲ್ಲ ರಕ್ಷಿತಾ, ದೀಕ್ಷಿತಾ, ಅಕ್ಷತಾ. ನಾನೂ ಅಕ್ಷತಾ ಎಂದು ಮನಸ್ಸಿನಲ್ಲೇ ಇಟ್ಟುಕೊಂಡು ಬಸುರಿನುದ್ದಕ್ಕೂ ಹೊಟ್ಟೆಯೊಂದಿಗೆ ಮಾತಾಡಿದ್ದೆ. ನಾಮಕರಣದ ದಿನ, ಮುಂಬೈಯಿಂದ ರಜೆಯ ಮೇಲೆ ಬಂದಿದ್ದ ನನ್ನ ಗಂಡ ಮಗುವಿನ ಕಿವಿಗೆ ಬಗ್ಗುವ ಮೊದಲೇ ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹೆಣ್ಣಿಗೆ ನನ್ ಹೆಸ್ರ್ ಇಡ್ಕ್" ಎಂದರು. ಹಿರಿಯರ ಹೆಸರಿಡುವುದು ಉಂಟು, ಅದು ಅವರು ಹೋದ ಮೇಲೆ. ಉಸಿರಾಡಿಕೊಂಡಿರುವ ಹೆಂಗಸು ತನ್ನ ಹೆಸರನ್ನು ತಾನೇ ಕೇಳಿ ಇಡಿಸುವುದೇ? ಪುರೋಹಿತರು ಕೆಮ್ಮಿದರು. ನನ್ನ ಗಂಡ ತಾಯಿಯ ಮಾತು ಮೀರುವವರಲ್ಲ. ಅಕ್ಷತಾ ಅಲ್ಲಿಗೇ ಮುಗಿದಳು, ಅತ್ತೆಯದು ಎಂಥ ಜಂಬ ಎಂದು ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಹೀಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ನಾನು ಹೆಸರು ಹಿಡಿದು ಕರೆಯುವ ಹಾಗಿಲ್ಲ ಎಂದಾಯಿತು. ಹೆಣ್ಣೇ ಎಂದೆ, ಪುಟ್ಟಿ ಎಂದೆ, ಸಿಟ್ಟು ಬಂದಾಗ ಬೇರೆ ಏನೇನೋ ಎಂದೆ. ಅತ್ತೆ ತಾವೇ ತಮ್ಮ ಹೆಸರನ್ನು ಕೂಗಿಕೊಳ್ಳುವುದು ಹೇಗೆ, ಅವರು ಮಗಾ ಎನ್ನುತ್ತಿದ್ದರು. ನೆರೆಹೊರೆಯವರು ಕೇಳಿದ್ದನ್ನು ಹಿಡಿದುಕೊಂಡು ಪುಟ್ಟಿ ಎಂದೇ ಕರೆದರು. ಗಂಡ ವರ್ಷಕ್ಕೊಮ್ಮೆ ಬಂದಾಗಲೂ ಅವರ ಬಾಯಲ್ಲಿ ಪುಟ್ಟಿಯೇ. ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಸುಖವಾಗಿ ಮಲಗಿತ್ತು. ಒಂದೇ ಒಂದು ಸಲ ಅತ್ತೆ, ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿ, "ಹೆಣ್ಣಿಗೊಂದ್ ಹೆಸ್ರ್ ಇತ್ತಲೆ, ಎಂತಕೆ ಕರೂದಿಲ್ಲ ನೀನ್?" ಎಂದು ಕೇಳಿದ್ದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, "ಅಯ್ಯೋ, ನಾ ಕರೂದಾ ಅತ್ತೆ" ಎಂದು ಕೆನ್ನೆ ಬಡಿದುಕೊಂಡೆ. ಅವರು ಮತ್ತೆ ತುರಿಯತೊಡಗಿದರು.

ಮಗಳಿಗೆ ನಾಲ್ಕು ತುಂಬಿದ ವರ್ಷ, ನಾವು ಮೂವರೂ ತರಕಾರಿ ಬೀಜಕ್ಕೆಂದು ಬ್ರಹ್ಮಾವರದ ಸಂತೆಗೆ ಹೋಗಿದ್ದೆವು. ವಾಪಸು ಹೊರಡುವ ಹೊತ್ತಿಗೆ ಅತ್ತೆಯನ್ನು ಚೀಲಗಳ ಜೊತೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ, ಮಗಳ ಕೈ ಹಿಡಿದು ಬಸ್ಸು ವಿಚಾರಿಸಲು ಹೋದೆ. ಚಿಲ್ಲರೆಗೆ ಪರ್ಸು ತೆರೆಯಲು ಕೈ ಬಿಟ್ಟೆ, ಅಷ್ಟೇ. ತಿರುಗಿ ನೋಡಿದರೆ ಮಗು ಇಲ್ಲ.

ಒಂದರ ಹಿಂದೊಂದು ಬಸ್ಸುಗಳು, ಉಡುಪಿ ಉಡುಪಿ ಎಂದು ಬಾಗಿಲಿಗೆ ಜೋತುಬಿದ್ದು ಕೂಗುವ ಕಂಡಕ್ಟರುಗಳು, ಇಪ್ಪತ್ತು ಹೆಜ್ಜೆ ಆಚೆ ಲಾರಿಗಳು ಹರಿದಾಡುವ ಹೆದ್ದಾರಿ. ಪುಟ್ಟಿ, ಪುಟ್ಟಿ ಎಂದು ಕಿರುಚಿದೆ. ಆ ಸಂತೆಯಲ್ಲಿದ್ದ ಮಕ್ಕಳಲ್ಲಿ ಅರ್ಧದಷ್ಟು ಪುಟ್ಟಿಯರೇ ಇರಬೇಕು. ಇಬ್ಬರು ಮೂವರು ತಿರುಗಿ ನೋಡಿದರು, ನನ್ನವಳಲ್ಲ. ರಸ್ತೆ ಬದಿಯಲ್ಲಿ ಅಂದಿನ ಯಕ್ಷಗಾನದ ಪ್ರಚಾರಕ್ಕೆ ಬಂದ ಜೀಪೊಂದು ಮೈಕು ಕಟ್ಟಿಕೊಂಡು ನಿಂತಿತ್ತು. ಓಡಿ ಹೋಗಿ ಮೈಕಿನವರ ಕೈ ಹಿಡಿದುಕೊಂಡೆ. ಪುಣ್ಯಾತ್ಮ ಕೂಡಲೇ ತನ್ನ ಘೋಷಣೆ ನಿಲ್ಲಿಸಿ, "ಹೆದ್ರ್‌ಬೇಡಿ, ಈಗ್ಳೇ ಹೇಳ್ತೆ. ಹೆಣ್ಣಿನ್ ಹೆಸ್ರ್ ಎಂತ?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ.

ಇದನ್ನು ಬರೆಯುವಾಗಲೂ ನನಗೆ ನಂಬಿಕೆಯಾಗುವುದಿಲ್ಲ. ಮಗು ಹೆದ್ದಾರಿಯ ಕಡೆ ಹೋಗಿರಬಹುದು, ಯಾವುದೋ ಬಸ್ಸು ಹತ್ತಿರಬಹುದು, ಒಂದೊಂದು ಕ್ಷಣವೂ ಬೆಲೆಯುಳ್ಳದ್ದು, ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ಮಡಿ ಮಾಡುತ್ತಿತ್ತು. "ಅದ್... ನಮ್ಮ ಅತ್ತೆ ಹೆಸ್ರ್" ಎಂದೆ.

"ಅತ್ತೆ ಹೆಸ್ರ್ ಎಂತ ಮಾರಾಯ್ರೆ?"

"ಹೂವಿನ ಹೆಸ್ರ್... ಮುಳ್ ಇರತ್ತಲೆ..."

ಮೈಕಿನವರು ನನ್ನ ಮುಖ ನೋಡಿದರು. ಹುಚ್ಚಿ ಎಂದುಕೊಂಡಿರಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ಬ್ರೇಕು ಹಾಕಿದ ಸದ್ದು ಕೇಳಿತು, ಯಾರೋ ಹೋ ಎಂದು ಕೂಗಿದರು. ಆಮೇಲೆ ತಿಳಿಯಿತು, ಅದು ದನ ಅಡ್ಡ ಬಂದದ್ದು. ಆದರೆ ಆ ಗಳಿಗೆಯಲ್ಲಿ ನನ್ನೊಳಗೆ ಯಾವುದೋ ಕಟ್ಟೆ ಒಡೆಯಿತು. ಮೈಕನ್ನು ಕಿತ್ತುಕೊಂಡು, ನಾಲ್ಕು ವರ್ಷದಿಂದ ಮಗಳಿಗೂ, ಅದಕ್ಕಿಂತ ಎಷ್ಟೋ ಹಿಂದಿನಿಂದ ಅತ್ತೆಗೂ ಕೇಳಿಸದಂತೆ ಮುಚ್ಚಿಟ್ಟಿದ್ದ ಆ ಹೆಸರನ್ನು ಬ್ರಹ್ಮಾವರದ ಪೇಟೆಗೆ ಪೇಟೆಯೇ ಕೇಳುವಂತೆ ಕೂಗಿದೆ. "ಗುಲಾಬೀ! ಗುಲಾಬೀ!"

ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಕತ್ತಿ ಹಿಡಿದುಕೊಂಡೇ ಎದ್ದು ನಿಂತಳು. ಹೊರಟಿದ್ದ ಬಸ್ಸಿನ ಕಿಟಕಿಯಿಂದ ನರೆತ ತಲೆಯೊಂದು ಹೊರಬಂದು, "ಎಂತ, ಯಾರ್ ಕರದ್ದ್?" ಎಂದಿತು. ಮತ್ತು ಬಸ್‌ಸ್ಟ್ಯಾಂಡಿನ ಕಟ್ಟೆಯಿಂದ, ಗದ್ದಲವನ್ನೆಲ್ಲ ಸೀಳಿಕೊಂಡು, "ಓ...!" ಎಂಬ ಉತ್ತರ ಬಂತು. ನೋಡಿದರೆ ಅತ್ತೆ. ಚೀಲಗಳನ್ನು ಬಿಟ್ಟು ಎದ್ದು ನಿಂತು ಕೈ ಎತ್ತಿದ್ದರು, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯ ಹಾಗೆ. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಮಗು ಕಳೆದದ್ದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಓ ಎನ್ನದೇ ಇದ್ದವಳು ನನ್ನ ಮಗಳೊಬ್ಬಳೇ. ಅವಳು ಜೀಪಿನ ಹಿಂದಿನ ಚಕ್ರದ ಪಕ್ಕದಲ್ಲೇ ನಿಂತು, ಮಾತಾಡುವ ಕಹಳೆಯನ್ನು ಬಾಯಿ ಬಿಟ್ಟು ನೋಡುತ್ತಿದ್ದಳು. ಮೈಕಿನವರೇ ಕಂಡು ಎತ್ತಿ ತಂದುಕೊಟ್ಟರು. ಬಾಚಿ ಅಪ್ಪಿಕೊಂಡ ನನ್ನ ಕಿವಿಯಲ್ಲಿ ಅವಳು ಕೇಳಿದಳು: "ಅಮ್ಮ, ಗುಲಾಬಿ ಅಂದ್ರೆ ಯಾರ್?"

ಮರ್ಯಾದೆ ಎಂದುಕೊಂಡು ನಾನು ಮಾಡಿದ್ದು ಇದು. ನನ್ನ ಮಗಳಿಗೆ ತನ್ನ ಹೆಸರೇ ಗೊತ್ತಿರಲಿಲ್ಲ. ಆ ದಿನ ಅವಳು ನಿಜವಾಗಿ ದೂರ ಹೋಗಿದ್ದರೆ, ಯಾರಾದರೂ ಹೆಸರು ಕೇಳಿದ್ದರೆ, ಏನು ಹೇಳುತ್ತಿದ್ದಳು? ನನಗೆ ನನ್ನ ಮೇಲೇ ಅಸಹ್ಯವಾಯಿತು.

ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಹೆಸರು ಹಿಡಿದು ಕೂಗಿದ್ದಕ್ಕೆ ಅತ್ತೆಯಿಂದ ಬೈಗುಳ ಬರುವುದೆಂದು ಕಾದೆ. ಎಷ್ಟೋ ದೂರ ಹೋದ ಮೇಲೆ ನಾನೇ, "ತಪ್ಪಾಯ್ತ್ ಅತ್ತೆ, ಹೆಸ್ರ್ ಹೇಳ್ಬಿಟ್ಟೆ" ಎಂದೆ.

ಅವರು ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಹೇಳಿದರು: "ಮದಿ ಆಯ್ ಬಂದ್ ಮೇಲೆ ಅವ್ರ್ ಇವ್ಳೇ ಅಂದ್ರ್. ಮತ್ತೆ ಅಮ್ಮ ಅಂದ್ರ್, ಅತ್ತೆ ಅಂದ್ರ್, ದೊಡ್ಡಮ್ಮ ಅಂದ್ರ್. ಹೆಸ್ರ್ ಹಿಡ್ದ್ ಕರುಕೆ ನನ್ ಹೆತ್ತ್ ಅಬ್ಬಿ ಒಬ್ಳಿದ್ಲ್, ಅವ್ಳೂ ಹೋದ್ಲ್. ಹೆಣ್ಣಿಗಿಟ್ರೆ ಮನೆ ಒಳ್ಗೆ ದಿನಾ ಕಿವಿಗ್ ಕೇಂಬುಕಾತ್ತ್ ಅಂದ್ಕಂಡಿದ್ದೆ. ನೀನ್ ಬಾಯೇ ಬಿಡ್ಲಿಲ್ಲ."

"ನಿಮ್ಗೆ ಮರ್ಯಾದಿ ಕೊಡ್ಕಲೆ ಅತ್ತೆ" ಎಂದೆ.

"ಮರ್ಯಾದಿ ಕೊಟ್ಟೆ. ಅದ್ ಹೌದ್" ಎಂದರು.

ಜಂಬ ಎಂದುಕೊಂಡಿದ್ದೆನಲ್ಲ! ಚಾವಡಿ ತುಂಬ ಜನರೆದುರು ನಾಚಿಕೆ ಬಿಟ್ಟು ಆ ಹೆಂಗಸು ಕೇಳಿದ್ದು ತನ್ನ ಹೆಸರು ಮನೆಯಲ್ಲಿ ಉಳಿಯಲಿ ಎಂದಲ್ಲ, ತಾನು ಸಾಯುವ ಮೊದಲು ಅದು ಕಿವಿಗೆ ಬೀಳಲಿ ಎಂದು. ನಾನೋ ನಾಲ್ಕು ವರ್ಷ ಭಕ್ತಿಯಿಂದ ಅದರ ಕತ್ತು ಹಿಸುಕಿದ್ದೆ.

ಮರುದಿನ ಬೆಳಿಗ್ಗೆ ಮಗಳು ಅಂಗಳದಲ್ಲಿ ಆಡುತ್ತಿದ್ದಳು, ಅತ್ತೆ ಜಗಲಿಯಲ್ಲಿ ಸಂತೆಯಿಂದ ತಂದ ಬೀಜ ಆರಿಸುತ್ತ ಕೂತಿದ್ದರು. ದೋಸೆ ಆಗಿತ್ತು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತೆ. ಮೈಕು ಇಲ್ಲದೆ, ಲಾರಿ ಇಲ್ಲದೆ, ಎದೆಯಲ್ಲಿ ಭಯವಿಲ್ಲದೆ ಆ ಮಾತನ್ನು ಆಡುವುದು ಎಷ್ಟು ಕಷ್ಟವಾಯಿತೆಂದು ಹೇಗೆ ಹೇಳಲಿ. ಸೆರಗಿಗೆ ಕೈ ಒರೆಸಿಕೊಂಡೆ. ಆಮೇಲೆ, "ಗುಲಾಬೀ, ತಿಂಡಿಗ್ ಬಾ" ಎಂದೆ.

ಹಿಂದಿನ ದಿನವಷ್ಟೇ ತನ್ನ ಹೆಸರು ಕಲಿತಿದ್ದ ಮಗಳು ಓ ಎಂದು ಕೂಗುತ್ತ, ಎರಡು ಕೈಯನ್ನೂ ಬೀಸುತ್ತ ಓಡಿ ಬಂದಳು. ಅತ್ತೆ ಮೊರವನ್ನು ಬದಿಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದು, ಅವಳ ಭುಜ ಹಿಡಿದು ಮೆತ್ತಗೆ ಆಚೆ ಸರಿಸಿದರು.

"ನೀನ್ ಆಮೇಲ್ ಬಾ ಮಗಾ" ಎಂದರು. "ಈಗ್ಳ್ ಕರದ್ದ್ ನನ್ನ."