ಒಂದು ತಾಸಿನ ಸಿಗಾರ್

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಅವ್ವನ ಯುದ್ಧ ಶುರುವಾಗುತ್ತಿತ್ತು. ಮುಂಬಯಿ ಜೋಗೇಶ್ವರಿಯ ನಮ್ಮ ಚಾಳದ ಗೋಡೆಗಳು ಜೂನ್‌ನಲ್ಲಿ ಒದ್ದೆಯಾದರೆ ಗಣಪತಿ ಹಬ್ಬ ಕಳೆದರೂ ಒಣಗುತ್ತಿರಲಿಲ್ಲ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುವುದು, ಕಡ್ಡಿಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತುವುದು, ಹಪ್ಪಳವನ್ನು ಒಲೆಯ ಪಕ್ಕಕ್ಕೆ ಸರಿಸುವುದು, ದಿನವಿಡೀ ಇದೇ. ನನ್ನ ಮೊಬೈಲು ಬಕೆಟ್ಟಿಗೆ ಬಿದ್ದಾಗ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಬದುಕಿಸಿದವಳು ಅವಳೇ. ಆಮೇಲಂತೂ ಆ ಡಬ್ಬಿಯ ಮೇಲೆ ಅವಳಿಗೆ ದೇವರಿಗಿಂತ ಹೆಚ್ಚು ನಂಬಿಕೆ. ನನಗೆ ಅದರ ಮೇಲೆ ಇವತ್ತಿಗೂ ಸಿಟ್ಟಿದೆ. ಡಬ್ಬಿಯ ಮೇಲೆ ಸಿಟ್ಟಾಗುವುದು ಸುಲಭ, ಅವ್ವನ ಮೇಲೆ ಆಗುವುದಿಲ್ಲ.

ಅಪ್ಪ ಬಡಗಿ. ದೊಡ್ಡಪ್ಪನೂ ಬಡಗಿ. ಬಾಗಲಕೋಟೆ ಕಡೆಯಿಂದ ಇಬ್ಬರೂ ಒಟ್ಟಿಗೆ ಬಂದು, ಇಲ್ಲೇ ಒಂದು ಗಾಳಾ ಹಿಡಿದಿದ್ದರು. ಸಣ್ಣ ಕಾರ್ಖಾನೆಯ ಕೋಣೆಗೆ ಮುಂಬಯಿಯಲ್ಲಿ ಗಾಳಾ ಎನ್ನುತ್ತಾರೆ. ಸಂಜೆ ಕೆಲಸ ಮುಗಿದ ಮೇಲೆ ಇಬ್ಬರಿಗೂ ಸೇರಿ ಒಂದೇ ಬೀಡಿ. ಅಪ್ಪ ಹಚ್ಚಿ ಅರ್ಧ ಸೇದಿ ಕೊಟ್ಟರೆ, ದೊಡ್ಡಪ್ಪ ಅದನ್ನು ದಾರದ ತನಕ ಸೇದಿ ಮುಗಿಸುತ್ತಿದ್ದ. ಬಡತನಕ್ಕೆ ಶುರುವಾದ ಅಭ್ಯಾಸವಂತೆ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೂ ಇಬ್ಬರೂ ಬಿಡಲಿಲ್ಲ.

ಇಬ್ಬರ ನಡುವೆ ಕೆಟ್ಟದ್ದು ಒಂದು ಕಪಾಟಿನಿಂದ. ಮುಲುಂಡ್‌ನ ಒಂದು ಸೊಸೈಟಿಯ ಫ್ಲ್ಯಾಟಿಗೆ ಅಪ್ಪ ಅವಸರದಲ್ಲಿ, ಪೂರ್ತಿ ಒಣಗದ ಮರದಿಂದ ಕಪಾಟಿನ ಬಾಗಿಲು ಮಾಡಿ ಕೂರಿಸಿದ. ಮಳೆ ಬಿದ್ದದ್ದೇ ಬಾಗಿಲು ಉಬ್ಬಿ ಕಚ್ಚಿಕೊಂಡಿತು. ದೊಡ್ಡಪ್ಪ ಹೋಗಿ, ಆ ಮನೆಯವರ ಬೈಗುಳ ತಿಂದು, ತಾನೇ ಉಜ್ಜಿ ಸರಿಮಾಡಿ ಬಂದ. ಗಾಳಾಕ್ಕೆ ಬಂದವನು ಅಪ್ಪನನ್ನು ಬೈದ. ಬೈಯುವ ಹಕ್ಕು ಅವನಿಗಿತ್ತು. ಅಪ್ಪ ಸುಮ್ಮನಿರಬಹುದಿತ್ತು. ಬದಲಿಗೆ ಕೆಲಸಗಾರರೆಲ್ಲರ ಮುಂದೆ, "ನಿನ್ನ ಕೈ ನಡಗತಾವ, ನಿನ್ನ ಕೈಲೆ ಏನೂ ಆಗೂದಿಲ್ಲ, ನಾ ದುಡದು ನಿನಗ ಹಾಕಾಕತ್ತೇನಿ" ಅಂದುಬಿಟ್ಟ. ಕೈ ನಡುಗುತ್ತಿದ್ದದ್ದು ನಿಜವೇ. ಅದಕ್ಕೇ ಆ ಮಾತು ಅಷ್ಟು ನಾಟಿದ್ದು. ದೊಡ್ಡಪ್ಪ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, "ಇನ್ನ ನಿನ್ನ ಮನಿ ನೀರ ಮುಟ್ಟಂಗಿಲ್ಲ" ಎಂದು ಹೊರಟುಹೋದ. ಅವನಿದ್ದ ಮಗನ ಮನೆ ನಮ್ಮ ಚಾಳದಿಂದ ನಡೆದು ಹೋಗುವಷ್ಟು ದೂರ. ಆದರೂ ವರ್ಷಗಟ್ಟಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಅಪ್ಪ ಆಮೇಲೂ ಬೀಡಿಯನ್ನು ಅರ್ಧವೇ ಸೇದುತ್ತಿದ್ದ. ಉಳಿದರ್ಧವನ್ನು ಆರಿಸಿ ಮನೆ ಮುಂದಿನ ಗ್ಯಾಲರಿಯ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದ. ಬೆಳಿಗ್ಗೆ ಅವ್ವ ಗೊಣಗುತ್ತಾ ಗುಡಿಸಿ ಹಾಕುತ್ತಿದ್ದಳು.

ಆ ಕಾಲಕ್ಕೆ ಅಂಧೇರಿಯ ಒಬ್ಬ ಸಾಹೇಬರು ಅಪ್ಪನಿಗೆ ಸಿಗಾರ್ ಇಡುವ ಪೆಟ್ಟಿಗೆ ಮಾಡಲು ಹೇಳಿದರು. ಸೀಡರ್ ಮರ ಅವರೇ ತರಿಸಿಕೊಟ್ಟರು. ಪೆಟ್ಟಿಗೆಯೊಳಗೆ ತೇವ ತೋರಿಸುವ ಗಡಿಯಾರದಂಥ ಮುಳ್ಳೊಂದನ್ನು ಕೂರಿಸಬೇಕಿತ್ತು. ಅದರ ಇಂಗ್ಲಿಷ್ ಓದಿ ಹೇಳಲು ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ. ನಾನು ಆಗ ಕಾಲೇಜಿನಲ್ಲಿದ್ದೆ. ಕೆಲಸ ನೋಡಿ ಸಾಹೇಬರು ಖುಷಿಯಾಗಿ ಅಪ್ಪನಿಗೆ ಕ್ಯೂಬಾದ ಒಂದು ಸಿಗಾರ್ ಕೊಟ್ಟರು, ಜೊತೆಗೆ ಹಿಂದಿಯಲ್ಲಿ ಉದ್ದ ಪಾಠವನ್ನೂ. ತೇವ ಹೆಚ್ಚಾದರೆ ಹೊಗೆ ಎಳೆಯಲು ಬಾರದು, ಪದೇ ಪದೇ ಆರುತ್ತದೆ, ಒಂದೇ ಪಕ್ಕ ಉರಿಯುತ್ತದೆ. ಒಣಗಿದರೆ ಎಲೆಯೊಳಗಿನ ಎಣ್ಣೆ ಆರಿ ರುಚಿ ಹೋಗುತ್ತದೆ, ಗಂಟಲು ಸುಡುತ್ತದೆ, ಹುಲ್ಲಿಗೆ ಬೆಂಕಿ ಬಿದ್ದಂತೆ ಉರಿದು ಮುಗಿಯುತ್ತದೆ. ಬೆರಳಲ್ಲಿ ಒತ್ತಿದರೆ ಚೂರು ಬಗ್ಗಿ ಮತ್ತೆ ಎದ್ದು ಬರಬೇಕು. ಹಾಗಿದ್ದರೆ ನಿಧಾನವಾಗಿ ಒಂದು ಗಂಟೆಗೂ ಮೇಲೆ ಬರುತ್ತದೆ.

ರಿಕ್ಷಾದಲ್ಲಿ ಅಪ್ಪ ಸಿಗಾರನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಕೂತಿದ್ದ. "ಒಂದ ತಾಸು ಬರ್ತದಂತ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣ ನೀರ ಮುಟ್ಟಂಗಿಲ್ಲ ಅಂದಾನ. ಹೊಗಿ ಮುಟ್ಟಂಗಿಲ್ಲ ಅಂದಿಲ್ಲಲ್ಲ" ಅಂದ. ನನಗೆ ನಗು ಬಂತು. ಅವನು ನಗಲಿಲ್ಲ. "ಒಂದ ತಾಸು ಅಂವ ನನ್ನ ಮುಂದ ಕುಂತ್ರ ಸಾಕು. ಆ ಮಾತು ತಪ್ಪಾತು ಅಂತ ಹೇಳ್ತೀನಿ. ನನಗ ಲಗೂನ ಬಾಯಿ ಬರೂದಿಲ್ಲ, ನಿನಗ ಗೊತ್ತೈತಿ." ಗೊತ್ತಿತ್ತು. ಕೆಟ್ಟ ಮಾತು ಆಡಲು ಅರೆಗಳಿಗೆ ಬೇಡದ ಮನುಷ್ಯ, ಒಳ್ಳೆಯ ಮಾತಿಗೆ ಒಂದು ತಾಸು ಬೇಡುತ್ತಿದ್ದ.

ಉಳಿದ ಸೀಡರ್ ಚೂರುಗಳಿಂದ ಪುಟ್ಟ ಪೆಟ್ಟಿಗೆ ಮಾಡಿದ. ಒಳಗೆ ಸ್ಪಂಜಿನ ಒಂದು ಚೂರನ್ನು ನೀರಲ್ಲಿ ಅದ್ದಿ ಹಿಂಡಿ ಇಡುತ್ತಿದ್ದ. ವಾರಕ್ಕೊಮ್ಮೆ ತೆಗೆದು ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಹಬ್ಬಗಳು ಬಂದವು, ಹೋದವು. ದೊಡ್ಡಪ್ಪನನ್ನು ಕರೆಯಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ.

ಮುಂದಿನ ವರ್ಷದ ಜುಲೈ ಪೂರ್ತಿ ಅಪ್ಪ ಪುಣೆಯ ಸೈಟಿನಲ್ಲಿದ್ದ. ಅದೇ ತಿಂಗಳ ಕೊನೆಗೆ, ದೊಡ್ಡಪ್ಪ ಮುಂಬಯಿ ಬಿಟ್ಟು ಊರಿಗೇ ಹೋಗುತ್ತಾನೆಂದು ಸುದ್ದಿ ಬಂತು. ಅವ್ವ ತಾನೇ ಹೋಗಿ, ಹೊರಡುವ ದಿನ ಒಂದು ಗಳಿಗೆ ಬಂದು ಹೋಗಿ ಎಂದು ಕೈಮುಗಿದು ಬಂದಳು. ಅಪ್ಪನಿಗೆ ಫೋನ್ ಮಾಡಿದೆವು. ಆ ದಿನ ಅವನು ಮನೆ ಮುಟ್ಟುವುದಕ್ಕೂ ದೊಡ್ಡಪ್ಪ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ದೊಡ್ಡಪ್ಪ ನೀರು ಬೇಡ ಅಂದ. ಚಾ ಬೇಡ ಅಂದ. ಕೆಳಗೆ ರಿಕ್ಷಾ ನಿಲ್ಲಿಸಿ ಬಂದಿದ್ದ, ಹೈವೇಯಲ್ಲಿ ಊರಿನ ಬಸ್ಸು ಹಿಡಿಯಬೇಕಿತ್ತು. ಅಪ್ಪ ತಡವರಿಸುತ್ತಾ ಸಿಗಾರಿನ ವಿಷಯ ಹೇಳಿದ. ದೊಡ್ಡಪ್ಪ ಕೆಳಗೆ ನಿಂತ ರಿಕ್ಷಾದ ಕಡೆ ಒಮ್ಮೆ ಬಗ್ಗಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, "ಆತು, ಅದು ಮುಗಿಯೂತನಕ ಕುಂದರ್ತೀನಿ" ಅಂದ.

ಅಪ್ಪ ಪೆಟ್ಟಿಗೆ ತೆಗೆದ. ಖಾಲಿ.

"ಅದರಾಗ ಒದ್ದಿ ಆಗಿತ್ತರಿ, ಸೂರು ಸೋರಿತ್ತೋ ಏನೋ" ಎಂದು ಅವ್ವ ಅಡುಗೆಮನೆಗೆ ಓಡಿದಳು. "ನಾ ನೋಡಿ ತಗದು ಅಕ್ಕಿ ಡಬ್ಬ್ಯಾಗ ಇಟ್ಟೇನಿ. ಒಂಚೂರೂ ಥಂಡಿ ಹತ್ತಿಲ್ಲ ನೋಡ್ರಿ!" ಸೆರಗಿನಿಂದ ಅಕ್ಕಿಹಿಟ್ಟು ಒರೆಸಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಬೆರಳಲ್ಲಿ ಒತ್ತಿದ. ಚಟ್ ಎಂದು ಮೇಲಿನ ಎಲೆ ಬಿರಿದು ಚಕ್ಕೆ ಉದುರಿತು. ಅವನು ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ. ಮನೆಯಲ್ಲಿ ಅದರ ಅರ್ಥ ಗೊತ್ತಿದ್ದವರು ನಾವಿಬ್ಬರೇ.

ಹಚ್ಚಿದ. ಭಗ್ ಎಂದು ಹತ್ತಿತು. ಅಣ್ಣನಿಗೆ ಕೊಟ್ಟ. ದೊಡ್ಡಪ್ಪ ಎಳೆದು ಕೆಮ್ಮಿ, "ಖಾರ ಐತಲೋ" ಅಂದ. ಊರಿನ ಬಾವಿಯ ಮಾತು ಬಂತು, ಮೊಣಕಾಲು ನೋವಿನ ಮಾತು ಬಂತು. ದೊಡ್ಡಪ್ಪನ ಕೈ ನಡುಗಿ ಬೂದಿ ಲುಂಗಿಯ ಮೇಲೆ ಬೀಳುತ್ತಿತ್ತು. ಅಪ್ಪ ಅದನ್ನು ನೋಡುತ್ತಿದ್ದ, ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದ. ಬೆಂಕಿ ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು. ಬೇಗ ಹೇಳಪ್ಪಾ, ಹೇಳಿಬಿಡು ಎಂದು ಮನಸ್ಸಲ್ಲೇ ಅನ್ನುತ್ತಿದ್ದೆ. ಕೊನೆಗೂ ಅವನು, "ಅಣ್ಣಾ, ಅವತ್ತ ಗಾಳಾದಾಗ ನಾ..." ಅಂದ. ಅಷ್ಟರಲ್ಲಿ ಬೆಂಕಿ ದೊಡ್ಡಪ್ಪನ ಬೆರಳಿಗೆ ಮುಟ್ಟಿತು. ಅವನು ತುಂಡನ್ನು ಬಸಿಯಲ್ಲಿ ಒತ್ತಿ ಆರಿಸಿದ. ಕೆಳಗಿನಿಂದ ರಿಕ್ಷಾದವನ ಹಾರ್ನ್ ಕೇಳಿಸಿತು.

"ಮುಗೀತಲ್ಲ ತಮ್ಮಾ. ಮುಂದಿನ ಸಲ ಹೇಳುವಂತಿ" ಎಂದು ಮೊಣಕಾಲು ಹಿಡಿದು ಎದ್ದ.

ಅವನು ಮೆಟ್ಟಿಲು ಇಳಿದು ಹೋದ ಮೇಲೆ ಅವ್ವ ಕಣ್ಣೊರೆಸಿಕೊಳ್ಳುತ್ತಾ, "ಚಲೋ ಹತ್ತಿತಲ್ಲರಿ? ಒದ್ದಿ ಆಗಿದ್ರ ಇಬ್ರೂ ಕೂಡಿ ಕುಂದರೂದಽ ಆಗ್ತಿರಲಿಲ್ಲ" ಅಂದಳು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ, "ಹೌದು, ಚಲೋ ಹತ್ತಿತು" ಅಂದ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಮಳೆಗಾಲ ಬಂದಾಗಲೆಲ್ಲ ಚಾಳದ ಹೆಂಗಸರಿಗೆ, ದೂರಾದ ಅಣ್ಣತಮ್ಮಂದಿರನ್ನು ತನ್ನ ಅಕ್ಕಿ ಡಬ್ಬಿ ಹೇಗೆ ಕೂಡಿಸಿತೆಂದು ಹೇಳುತ್ತಾಳೆ. ಅಪ್ಪ ಅಲ್ಲೇ ಕೂತು ತಲೆಯಾಡಿಸುತ್ತಾನೆ. ನಾನೂ ಆಡಿಸುತ್ತೇನೆ, ಒಳಗೊಳಗೇ ಕುದಿಯುತ್ತಾ.

ಮುಂದಿನ ಸಲ ಬರಲಿಲ್ಲ. ಮರುವರ್ಷ ಮಳೆ ಶುರುವಾಗುವ ಮೊದಲೇ ಊರಿನಿಂದ ಫೋನ್ ಬಂತು. ಮಾತಾಡಿದ್ದು, ಬೇಸಿಗೆ ರಜೆಗೆಂದು ಅಲ್ಲಿಗೆ ಹೋಗಿದ್ದ ದೊಡ್ಡಪ್ಪನ ಮಗ. ದೊಡ್ಡಪ್ಪ ತೀರಿಕೊಂಡಿದ್ದ. ಅಪ್ಪ ಹ್ಞೂಂ, ಹ್ಞೂಂ ಎಂದಷ್ಟೇ ಕೇಳಿ ಫೋನ್ ನನ್ನ ಕೈಗೆ ಕೊಟ್ಟ. ಗ್ಯಾಲರಿಗೆ ಹೋಗಿ ಬೀಡಿ ಹಚ್ಚಿದ. ಅರ್ಧಕ್ಕೆ ಬಂದಾಗ, ಹಳೆಯ ಅಭ್ಯಾಸದಂತೆ ಕೈ ಪಕ್ಕಕ್ಕೆ ಚಾಚಿದ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡು ಆ ಬೀಡಿಯನ್ನು ದಾರದ ತನಕ ತಾನೇ ಸೇದಿದ. ಅವತ್ತಿನಿಂದ ಕಿಟಕಿಯ ಕಟ್ಟೆಯ ಮೇಲೆ ಅವ್ವನಿಗೆ ಗುಡಿಸಲು ಏನೂ ಇರುವುದಿಲ್ಲ.