ನ್ಯಾನ್ ಕೈ ಹಿಡಿದರೆ ರಸ್ತೆ ದಾಟಿದಂತೆ

ಹನೋಯ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ರೀಡಾಂಗಣದ ಎದುರಿನ ದೊಡ್ಡ ರಸ್ತೆಯಲ್ಲಿ ಆಗಲೇ ಸ್ಕೂಟರುಗಳ ಹೊಳೆ. ಫುಟ್‌ಪಾತಿನ ಅಂಚಿನಲ್ಲಿ ಹಳದಿ ಅಂಗಿ ತೊಟ್ಟ ಮೂವರು ಮಲೇಷ್ಯಾದವರು ಒಂದು ಕಾಲು ಕೆಳಗಿಡುತ್ತಾರೆ, ಮತ್ತೆ ಮೇಲೆಳೆದುಕೊಳ್ಳುತ್ತಾರೆ. ಅವರ ನಡುವೆ ನುಗ್ಗುತ್ತಾರೆ ಗಿಡ್ಡಗಿನ ಒಬ್ಬ ಹೆಂಗಸು. ಒಬ್ಬನ ಹಿಂದಿನ ಜೇಬಿನಿಂದ ಇಣುಕುವ ಫೋನನ್ನು ಎಳೆದು ಅವನ ಅಂಗೈಗೇ ತುರುಕುತ್ತಾರೆ. ಇನ್ನೊಬ್ಬನ ಬೆನ್ನ ಮೇಲಿನ ಚೀಲವನ್ನು ಎದೆಗೆ ತಿರುಗಿಸುತ್ತಾರೆ. ಆಮೇಲೆ ಇಬ್ಬರ ಮಣಿಕಟ್ಟು ಹಿಡಿದು, ಮೂರನೆಯವನಿಗೆ ತಮ್ಮ ಅಂಗಿಯ ಚುಂಗು ಹಿಡಿಯುವಂತೆ ಸನ್ನೆ ಮಾಡಿ, ಸೀದಾ ಆ ಹೊಳೆಗೆ ಇಳಿದೇ ಬಿಡುತ್ತಾರೆ.

ಸ್ಕೂಟರುಗಳು ಎಡಕ್ಕೂ ಬಲಕ್ಕೂ ಬಳುಕಿ ಹೋಗುತ್ತವೆ. ನಾಲ್ವರೂ ಆಚೆ ದಡ ಸೇರುತ್ತಾರೆ. ಮಲೇಷ್ಯಾದವರಿಗೆ ಹೋದ ಜೀವ ಬಂದಂತಾಗಿ ಫೋಟೋ ತೆಗೆಯಬೇಕು ಎನ್ನುವಷ್ಟರಲ್ಲಿ, ಹೆಂಗಸು ಅರ್ಧ ರಸ್ತೆ ವಾಪಸು ಬಂದಾಗಿದೆ.

ಈಕೆಯ ಹೆಸರು ನ್ಯಾನ್. ಅರವತ್ತು ದಾಟಿದೆ. ಕಸುಬು ಇದೇ ಮೂಲೆಯಲ್ಲಿ ಐಸು ಹಾಕಿದ ಚಹಾ ಮಾರುವುದು, ಲೋಟಕ್ಕೆ ಐದು ಸಾವಿರ ಡಾಂಗ್, ಇಲ್ಲಿ ಅದು ಪುಡಿಗಾಸು. ಜೊತೆಗೆ ಸೂರ್ಯಕಾಂತಿ ಬೀಜ, ಕಡಲೆಕಾಯಿ ಮಿಠಾಯಿ. ಆದರೆ ಅಕ್ಕಪಕ್ಕದ ದೇಶಗಳ ದೊಡ್ಡ ಕ್ರೀಡಾಕೂಟ ನಡೆಯುತ್ತಿರುವುದರಿಂದ ಫುಟ್‌ಪಾತು ಚೊಕ್ಕಟವಾಗಿರಬೇಕಂತೆ. ಪ್ಲಾಸ್ಟಿಕ್ ಸ್ಟೂಲು, ಚಹಾದ ಕೊಡ, ಎಲ್ಲವೂ ಮನೆ ಸೇರಿವೆ. ನ್ಯಾನ್ ಮಾತ್ರ ಮನೆ ಸೇರಿಲ್ಲ.

ಬೀಟಿಗೆ ಬಂದ ಪೊಲೀಸ್ ಖ್ವಾತ್ ದೂರದಿಂದಲೇ ಕೂಗುತ್ತಾನೆ, "ದೊಡ್ಡಮ್ಮಾ, ಚಹಾ ಇಟ್ಟಿಲ್ಲ ತಾನೇ?"

"ಇಲ್ಲಪ್ಪ. ಎರಡು ಕೈ ಮಾತ್ರ ತಂದಿದೀನಿ. ಅವನ್ನೂ ಜಪ್ತಿ ಮಾಡ್ತೀಯಾ?"

ಖ್ವಾತ್ ನಗುತ್ತಾ ಮುಂದೆ ಹೋಗುತ್ತಾನೆ. ವರ್ಷವಿಡೀ ಪುಕ್ಕಟೆ ಚಹಾ ಕುಡಿದ ಋಣ ಅವನ ಮೇಲಿದೆ.

ರಸ್ತೆಗೆ ಬಿಳಿ ಪಟ್ಟೆ ಇದೆ. "ನೋಡೋಕೆ ಚೆಂದ," ಅನ್ನುತ್ತಾರೆ ನ್ಯಾನ್. ಮೇಲ್ಸೇತುವೆಯೂ ಇದೆ; ಅತಿಥಿಗಳ ಮುಂದೆ ಮಾನ ಹೋಗಬಾರದೆಂದು ಅದಕ್ಕೆ ಬಣ್ಣ ಬಳಿಯಲು ಹೋಗಿ, ಬಣ್ಣ ಒಣಗದೆ, ಅತಿಥಿಗಳು ಬಂದ ಹೊತ್ತಿಗೆ ಸರಿಯಾಗಿ ಮುಚ್ಚಿದ್ದಾರೆ. ಇಂಥ ಬುದ್ಧಿ ನಮ್ಮ ಹನೋಯ್‌ನವರಿಗೆ ಮಾತ್ರ ಹೊಳೆಯುತ್ತದೆ.

ಪರದೇಶದವರನ್ನು ದಾಟಿಸುವ ಈ ಉಸಾಬರಿ ಯಾಕೆ ಅಂದರೆ, ನ್ಯಾನ್ ತಮ್ಮ ಮದುವೆಯ ಸುದ್ದಿ ತೆಗೆಯುತ್ತಾರೆ. ನಾಮ್ ದಿನ್ ಕಡೆಯ ಗದ್ದೆಯೂರಿಂದ ಮದುಮಗಳಾಗಿ ಬಂದವರು ಇದೇ ಅಂಚಿನಲ್ಲಿ ನಿಂತು ಅತ್ತಿದ್ದರಂತೆ. ಆಗ ಇಷ್ಟು ಸ್ಕೂಟರು ಇರಲಿಲ್ಲ, ಸೈಕಲ್ಲುಗಳಿದ್ದವು. ಸೈಕಲ್ಲಿಗೇ ಹೆದರಿದ ಸೊಸೆ.

"ನಮ್ಮತ್ತೆ ಬಾಯಿ ಬಲು ಜೋರು. ಗಂಡನ ಮನೆ ಆಚೆ ಕಡೆ ಇದೆ ಕಣೇ, ಇಲ್ಲೇ ನಿಂತು ಸಂಸಾರ ಮಾಡ್ತೀಯಾ ಅಂದ್ರು. ಅಂದೋರೇ ಕೈ ಹಿಡ್ಕೊಂಡ್ರು. ಆ ಕೈ ಬಿಸಿ ಇನ್ನೂ ನೆನಪಿದೆ. ಹೊಸ ಊರಲ್ಲಿ ಒಂದು ಕೈ ಸಿಕ್ಕಿದ್ರೆ ಸಾಕು, ಮಿಕ್ಕಿದ್ದು ತಾನೇ ಬರುತ್ತೆ."

ಅವರ ಪಾಠ ಚಿಕ್ಕದು. ಓಡಬೇಡ. ನಿಲ್ಲಬೇಡ. ಇಟ್ಟ ಹೆಜ್ಜೆ ಹಿಂದಿಡಬೇಡ. "ನಾವು ಎಲ್ಲಿ ಹೋಗ್ತೀವಿ ಅಂತ ಗಾಡಿಯೋನಿಗೆ ಗೊತ್ತಾಗ್ಬೇಕು. ದಿಢೀರ್ ಅಂತ ಹಿಂದೆ ಬಂದ್ರೆ ಅವನೇನು ಮಾಡ್ತಾನೆ ಪಾಪ? ಆದ್ರೆ ಬಸ್ಸು ಬರ್ತಿದ್ರೆ ಇಳೀಲೇಬಾರದು. ಬಸ್ಸಿಗೆ ಬಳುಕೋಕೆ ಬರಲ್ಲ." ದಿನಕ್ಕೆ ನೂರಕ್ಕೂ ಹೆಚ್ಚು ಜನರನ್ನು ಹೀಗೆ ದಾಟಿಸುತ್ತಾರೆ. ಸಂಜೆಗೆ ಮಂಡಿ ಊದಿರುತ್ತದೆ. ಶುಂಠಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಾರೆ.

ಕ್ರೀಡಾಕೂಟದ ಮೂರನೆಯ ಬೆಳಿಗ್ಗೆ ರಸ್ತೆಯಾಚೆಯ ಪುಟ್ಟ ಲಾಡ್ಜಿನ ಮೆಟ್ಟಿಲ ಮೇಲೆ ತಲೆಗೆ ಸ್ಕಾರ್ಫ್ ಸುತ್ತಿದ ಹೆಂಗಸೊಬ್ಬಳು ಕೂತಿರುವುದನ್ನು ಕಂಡು ನ್ಯಾನ್ ದಾಟಿ ಹೋಗುತ್ತಾರೆ. ಇಂಡೋನೇಷ್ಯಾದ ಮುರ್ಯಾತಿ. ಊರಲ್ಲಿ ಸೋಯಾ ಕಾಳು ಹುದುಗಿಸಿ ಮಾರುವವಳು, ದೇಶ ಬಿಟ್ಟು ಬಂದದ್ದು ಇದೇ ಮೊದಲು. ಹಿಂದಿನ ದಿನ ಒಬ್ಬಳೇ ರಸ್ತೆಗಿಳಿದು, ಹೆದರಿ ಹಿಂದೆ ಸರಿದು, ಸ್ಕೂಟರಿನ ಹ್ಯಾಂಡಲ್ ತಾಗಿಸಿಕೊಂಡಿದ್ದಳು. ಮೊಣಕೈ ಕಪ್ಪಗೆ ಕಂದಿದೆ. ಮುರ್ಯಾತಿ ತನ್ನ ಫೋನಿಗೆ ಏನೋ ಹೇಳುತ್ತಾಳೆ, ಫೋನು ಅದನ್ನು ನ್ಯಾನ್‌ಗೆ ತಿಳಿಯುವ ಭಾಷೆಯಲ್ಲಿ ಉಲಿಯುತ್ತದೆ.

"ನನ್ನ ಮಗಳು ನಿಂಗ್ಸಿಹ್. ವೇಗ ನಡಿಗೆ ಸ್ಪರ್ಧೆ. ಇನ್ನೇನು ಶುರುವಾಗುತ್ತೆ. ನಾನು ಇಲ್ಲೇ ಫೋನಲ್ಲಿ ನೋಡ್ತೀನಿ. ಆ ರಸ್ತೆ ನಂಗೆ ಬೇಡ."

ನ್ಯಾನ್ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾರೆ. "ಅಲ್ಲಮ್ಮ, ಸಮುದ್ರ ದಾಟಿ ಬಂದೋಳು ರಸ್ತೆಗೆ ಹೆದರ್ತೀಯಾ? ಓಡಬೇಡ, ನಿಲ್ಲಬೇಡ, ಹಿಂದೆ ಬರಬೇಡ. ಅಷ್ಟೇ."

ಫೋನು ಅದನ್ನು ತಿರುಗಿಸಿ ಹೇಳಿದಾಗ ಮುರ್ಯಾತಿ ನಕ್ಕುಬಿಡುತ್ತಾಳೆ. "ಇದನ್ನೇ ಅವಳ ಕೋಚ್ ಹೇಳೋದು. ಓಡಿದ್ರೆ ಸ್ಪರ್ಧೆಯಿಂದ ಆಚೆ, ನಿಂತ್ರೆ ಸೋಲು."

"ಮತ್ತೆ? ಮಗಳಿಗೆ ಬರೋದು ತಾಯಿಗೆ ಬರಲ್ವಾ? ಏಳು."

ಕ್ರೀಡಾಂಗಣದ ಹಿಂದಿನ ರಸ್ತೆಯನ್ನು ಸ್ಪರ್ಧೆಗೆಂದು ಮುಚ್ಚಿರುವುದರಿಂದ ಅಲ್ಲಿನ ಗಾಡಿಗಳೂ ಇಲ್ಲಿಗೇ ನುಗ್ಗಿವೆ. ನ್ಯಾನ್ ಮಣಿಕಟ್ಟು ಹಿಡಿಯುತ್ತಾರೆ. ಮುರ್ಯಾತಿ ಮೊಣಕೈ ಮಡಚಿ, ಸೊಂಟ ಕುಣಿಸುತ್ತಾ, ಥೇಟು ಮಗಳಂತೆ ಬಿರುಸಾಗಿ ಹೊರಡುತ್ತಾಳೆ.

"ಮೆಲ್ಲಗೆ ಕಣಮ್ಮ, ಇಲ್ಲಿ ಪದಕ ಕೊಡಲ್ಲ."

ನಟ್ಟನಡುವೆ ಒಂದು ಲಾರಿ ಹಾರ್ನ್ ಹೊಡೆಯುತ್ತದೆ. ಮುರ್ಯಾತಿಯ ಕಾಲು ಹಿಂದಕ್ಕೆಳೆಯುತ್ತದೆ. ನ್ಯಾನ್ ಹಿಡಿತ ಬಿಗಿ ಮಾಡುತ್ತಾರೆ. ಎತ್ತಿದ ಕಾಲು ಮುಂದಕ್ಕೇ ಬೀಳುತ್ತದೆ. ಲಾರಿ ಹಿಂದಿನಿಂದ ಹಾದುಹೋಗುತ್ತದೆ.

ನಿಂಗ್ಸಿಹ್‌ಗೆ ಪದಕ ಬರಲಿಲ್ಲ, ಐದನೆಯವಳಾಗಿ ಬಂದಳು. ಆದರೆ ಕೊನೆಯ ಸುತ್ತುಗಳಲ್ಲಿ ಬೇಲಿಯಾಚೆಯಿಂದ ತಾಯಿ ತನ್ನ ಹೆಸರು ಹಿಡಿದು ಕೂಗಿದ್ದನ್ನು ಕೇಳಿಸಿಕೊಂಡಳು. ಸಂಜೆ ಈ ಸುದ್ದಿಯನ್ನು ಫೋನಿನ ಬಾಯಲ್ಲಿ ಹೇಳಿಸುವಾಗ ಮುರ್ಯಾತಿ ಸ್ಕಾರ್ಫಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಫೋನಿಗೆ ಅದೇನು ತಿಳಿಯಬೇಕು, ಅದು ಒಂದೇ ರಾಗದಲ್ಲಿ ಒದರಿತು. ನ್ಯಾನ್‌ಗೆ ಮಾತ್ರ ಎಲ್ಲವೂ ತಿಳಿಯಿತು.

ನಿಮಗೇನು ಬೇಕು ಎಂದು ಕೇಳಿದರೆ ನ್ಯಾನ್ ಹೆಚ್ಚೇನೂ ಕೇಳುವುದಿಲ್ಲ. "ಇಲ್ಲೊಂದು ಸಿಗ್ನಲ್ ಹಾಕ್ಲಿ. ನಾನು ಕೂತ್ಕೊಂಡು ಚಹಾ ಮಾರ್ತೀನಿ. ಮಂಡಿ ಬೈತಾ ಇದೆ."

ಮರುದಿನ ಬೆಳಿಗ್ಗೆ ಆಚೆ ಬದಿಯಲ್ಲಿ, ಲಾಡ್ಜಿನ ಮುಂದೆ ಮುರ್ಯಾತಿ ಕಾಣಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ಎತ್ತರದ ಮಗಳು. ದೇಶಕ್ಕಾಗಿ ನಡೆದ ಹುಡುಗಿ ರಸ್ತೆಯಂಚಿನಲ್ಲಿ ಕಲ್ಲಾಗಿ ನಿಂತಿದ್ದಾಳೆ. ನ್ಯಾನ್ ದಾಟಿಸಲು ಹೊರಡುವಷ್ಟರಲ್ಲಿ ಮುರ್ಯಾತಿ ದೂರದಿಂದಲೇ ಬೇಡವೆಂದು ಕೈಯಾಡಿಸುತ್ತಾಳೆ. ಬಸ್ಸೊಂದು ಹೋಗುವ ತನಕ ಕಾದು, ಮಗಳ ಮಣಿಕಟ್ಟು ಹಿಡಿದು ಕೆಳಗಿಳಿಯುತ್ತಾಳೆ.

ಈಚೆ ದಡದಲ್ಲಿ ನ್ಯಾನ್‌ಗೆ ಜೀವ ಬಾಯಿಗೆ ಬರುತ್ತದೆ. "ನಾನು ದಾಟೋವಾಗ ಹೀಗಾಗಲ್ಲ. ನಿಂತು ನೋಡೋದೇ ಕಷ್ಟ ನೋಡಿ," ಎಂದು ಎದೆ ಒತ್ತಿಕೊಳ್ಳುತ್ತಾರೆ.

ಪಕ್ಕದಲ್ಲಿ ಬಂದು ನಿಂತ ಖ್ವಾತ್ ಕಣ್ಣು ಕಿರಿದು ಮಾಡಿ ನೋಡುತ್ತಾನೆ. "ಪರವಾಗಿಲ್ವೇ, ಹೇಗೆ ಬರ್ತಿದಾಳೆ ನೋಡಿ ಆಯಮ್ಮ. ಯಾರು ದೊಡ್ಡಮ್ಮ ಅವಳು?"

ನ್ಯಾನ್ ರಸ್ತೆಯಿಂದ ಕಣ್ಣು ಕೀಳುವುದಿಲ್ಲ.

"ನಮ್ಮ ಬೀದಿಯವಳೇ ಕಣೋ."