ಇನ್ನೊಂದು ಸಲ ಕೇಳಿ

ಹೊಟ್ಟೆ ಹಸಿದು ಕೂಗುತ್ತಿರುವಾಗಲೂ ನಗುನಗುತ್ತಾ ‘ಬೇಡ’ ಎನ್ನುವ ವಿದ್ಯೆ ನನಗೆ ಸಿದ್ಧಿಸಿದೆ. ಇದನ್ನು ಸಂಯಮವೆಂದು ತಿಳಿದು ನೀವು ಕೈಮುಗಿಯಬೇಕಾಗಿಲ್ಲ. ಯಾರ ಮನೆಗೆ ಹೋದರೂ, “ಕಾಫಿ ತಗೋತೀರಾ?” ಎಂದು ಅವರು ಕೇಳಿ ಮುಗಿಸುವ ಮೊದಲೇ ನನ್ನ ಬಾಯಿ “ಅಯ್ಯೋ, ಏನೂ ಬೇಡ, ಈಗಷ್ಟೇ ಆಯ್ತು” ಎಂದುಬಿಟ್ಟಿರುತ್ತದೆ. ನಮ್ಮ ಮನೆಯಲ್ಲಿ ಏನೂ ಆಗಿರುವುದಿಲ್ಲ. ಅವರ ಅಡುಗೆಮನೆಯಿಂದ ಡಿಕಾಕ್ಷನ್ ಘಮ ಮೂಗಿಗೆ ಬಡಿದು ಜೀವವೆಲ್ಲ ಅತ್ತಲೇ ವಾಲಿರುತ್ತದೆ. ಆ ಮನೆಯವರಿಗೂ ಇದು ಗೊತ್ತು. “ಅರ್ಧ ಲೋಟ ಆದ್ರೂ ತಗೊಳ್ಳಿ” ಎನ್ನುತ್ತಾರೆ. “ಸರಿ, ನಿಮ್ಮ ಬಲವಂತಕ್ಕೆ ಒಂದು ಗುಟುಕು” ಎನ್ನುತ್ತೇನೆ. ತುಂಬಿದ ಲೋಟವೇ ಬರುತ್ತದೆ, ನೊರೆಯನ್ನೂ ಬಿಡದೆ ಕುಡಿಯುತ್ತೇನೆ. ಇಷ್ಟೆಲ್ಲದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಮೋಸಹೋಗಲಿಲ್ಲ.

ಇದು ನನ್ನ ಸ್ವಭಾವ ಎಂದೇ ಇಷ್ಟು ಕಾಲ ನಂಬಿದ್ದೆ. ‘ಅವರು ತುಂಬಾ ಸಂಕೋಚದ ಮನುಷ್ಯ’ ಎಂದು ನಾಲ್ಕು ಜನ ಹೇಳುವಾಗ ಒಳಗೊಳಗೇ ಬೀಗುತ್ತಲೂ ಇದ್ದೆ. ಕೆಲಸದಿಂದ ನಿವೃತ್ತನಾಗಿ, ಶ್ರೀಗಂಧದ ಕಾವಲ್ ಬಡಾವಣೆಯ ಮನೆಯಲ್ಲಿ ಪೇಪರ್ ಓದುತ್ತಾ ಕೂತ ಈ ವಯಸ್ಸಿನಲ್ಲಿ ನನಗೊಂದು ಸತ್ಯ ಗೊತ್ತಾಗಿದೆ, ಅದನ್ನು ಹೇಳದಿದ್ದರೆ ಊಟ ರುಚಿಸುವುದಿಲ್ಲ ಎನ್ನುವಷ್ಟು ಸಂಭ್ರಮದಲ್ಲಿದ್ದೇನೆ. ಆ ಸಂಕೋಚ ನನ್ನದೇ ಅಲ್ಲ ಸ್ವಾಮಿ! ಎಲ್ಲಿಂದಲೋ ಬಂದು ನನ್ನೊಳಗೆ ಬಾಡಿಗೆಗೆ ಕೂತು, ಕೊನೆಗೆ ‘ನಾನೇ ಮನೆಯ ಮಾಲೀಕ’ ಎನ್ನುತ್ತಿರುವ ಗಿರಾಕಿ ಅದು.

ಇದನ್ನು ಮೊದಲು ಪತ್ತೆ ಮಾಡಿದ್ದು ನನ್ನ ತಮ್ಮನ ಮಗಳು ಮೇಘನಾ. ನಮ್ಮ ಮಹಡಿಯ ಕೋಣೆಯಲ್ಲಿದ್ದುಕೊಂಡು ನಾಗರಬಾವಿ ಕಡೆಯ ಕ್ಯಾಂಪಸ್ಸಿನಲ್ಲಿ ಮಾನವಶಾಸ್ತ್ರ ಓದುತ್ತಿದ್ದಾಳೆ. ಆ ಶಾಸ್ತ್ರದವರು ಹಿಂದೆಲ್ಲ ದೂರದ ದ್ವೀಪಗಳಿಗೆ ಹೋಗಿ ಅಲ್ಲಿಯವರು ಹೇಗೆ ಉಣ್ಣುತ್ತಾರೆ, ಹೇಗೆ ಕೊಟ್ಟು ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತಿದ್ದರಂತೆ. ಇವಳಿಗೆ ದ್ವೀಪ ಸಿಗಲಿಲ್ಲ, ನಾವು ಸಿಕ್ಕೆವು. ಒಂದು ದಿನ ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೇ ದಿಟ್ಟಿಸಿ, “ದೊಡ್ಡಮ್ಮ, ದೊಡ್ಡಪ್ಪ ಬೇಡ ಅಂದ್ರೂ ಬಡಿಸ್ತೀರಾ. ನಾನು ಬೇಡ ಅಂದ್ರೆ ನಿಲ್ಲಿಸಿಬಿಡ್ತೀರಾ. ಯಾಕೆ?” ಎಂದಳು.

ನನ್ನ ಹೆಂಡತಿ ಸರೋಜಾ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ ಯೋಚಿಸಿದಳು. “ನಿನ್ನ ಬೇಡ ಬೇರೆ, ಇವರ ಬೇಡ ಬೇರೆ ಕಣೇ. ಇವರದ್ದು ಇವರಮ್ಮ ಕಲಿಸಿದ್ದು.”

ಎಷ್ಟು ಸರಿಯಾಗಿ ಹೇಳಿದಳು! ನಾನು ಬೆಳೆದದ್ದು ರಾಜಾಜಿನಗರದ ವಠಾರದಲ್ಲಿ. ಬಂಧುಗಳ ಮನೆಗೆ ಹೊರಟಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, “ಕೊಟ್ಟ ತಕ್ಷಣ ಈಸ್ಕೋಬೇಡ” ಎಂದು ಎಚ್ಚರಿಸುತ್ತಿದ್ದಳು. ಅಲ್ಲಿ ಕೋಡುಬಳೆಯ ತಟ್ಟೆ ಬರುತ್ತಿತ್ತು. ನನ್ನ ಕಣ್ಣು ಮೊದಲು ಕೋಡುಬಳೆಯ ಕಡೆಗೆ, ಆಮೇಲೆ ಅಮ್ಮನ ಕಣ್ಣಿನ ಕಡೆಗೆ. ಅಮ್ಮ ಯಾರೊಂದಿಗೋ ನಗುತ್ತಾ ಮಾತಾಡುತ್ತಿದ್ದರೂ ಆ ಕಣ್ಣಿನ ಒಂದು ಮೂಲೆ ನನ್ನ ಮೇಲೆಯೇ. ರೆಪ್ಪೆ ಅಲುಗದಿದ್ದರೆ ‘ಬೇಡ’. ಆ ಮನೆಯ ಅತ್ತೆ ಮತ್ತೆ ಒತ್ತಾಯಿಸಿದ ಮೇಲೆ ರೆಪ್ಪೆ ತುಸು ಕೆಳಗಿಳಿದರೆ ‘ಈಗ ತಗೋ’. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಆ ಕಣ್ಣು ಮಾತ್ರ ಇನ್ನೂ ಎಲ್ಲೋ ಕೂತು ನನ್ನನ್ನು ಕಾಯುತ್ತಿದೆ. ಇದನ್ನು ಬರೆಯುವಾಗಲೂ ಕೋಡುಬಳೆಯ ನೆನಪಿಗೆ ಬಾಯಲ್ಲಿ ನೀರು ಬರುತ್ತದೆ.

ಮೇಘನಾ ಹೇಳುವಂತೆ, ಕೆಲವು ಕಡೆ ಅತಿಥಿಯನ್ನು ಒಂದೇ ಸಲ ಕೇಳುತ್ತಾರೆ. ಬೇಡ ಎಂದರೆ ಮುಗಿಯಿತು, ಮತ್ತೆ ಕೇಳಿದರೆ ಅವನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಇನ್ನು ಕೆಲವು ಕಡೆ ಬೇಡ ಎನ್ನುವುದೇ ಅವಮಾನ. ಒಂದೇ ಸಲ ಕೇಳುವವರ ಕಡೆ ಮನುಷ್ಯ ಎಂದರೆ ಸುತ್ತ ಕಾಂಪೌಂಡ್ ಕಟ್ಟಿಕೊಂಡ ಮನೆ, ಇಲ್ಲಿ ಹಾಗಲ್ಲ ಎಂದಳು. “ಹಾಗಾದ್ರೆ ನಾವು ವಠಾರ” ಎಂದೆ. ಒಂದೇ ಗೋಡೆ ಇಬ್ಬರದ್ದು, ಆಚೆ ಮನೆಯ ಒಗ್ಗರಣೆಗೆ ಈಚೆ ಮನೆಯವರಿಗೆ ಸೀನು. ನನ್ನ ಹೋಲಿಕೆ ಅವಳಿಗೆ ಎಷ್ಟು ಹಿಡಿಸಿತೆಂದರೆ ಮೊಬೈಲಿನಲ್ಲಿ ಬರೆದುಕೊಂಡಳು. ನಾನೂ ಒಬ್ಬ ವಿದ್ವಾಂಸನಾದೆನಲ್ಲ ಎಂದು ಆ ದಿನ ಒಂದು ತುತ್ತು ಹೆಚ್ಚೇ ಉಂಡೆ.

ಆದರೆ ವಿದ್ವತ್ತು ಬೇರೆ, ಪೆಟ್ಟು ಬೇರೆ. ಪೆಟ್ಟು ಬಿದ್ದದ್ದು ರಾಜ್ಯೋತ್ಸವದ ಹೊತ್ತಿಗೆ.

ಪ್ರತಿ ವರ್ಷ ನಮ್ಮ ರಸ್ತೆಯಲ್ಲಿ ಆರ್ಕೆಸ್ಟ್ರಾ ಇರುತ್ತದೆ, ಕಿವಿ ಮುಚ್ಚಿಕೊಂಡು ಕನ್ನಡಾಭಿಮಾನ ಮೆರೆಯುತ್ತೇವೆ. ಈ ಸಲ, ಬಡಾವಣೆ ಬರುವ ಮೊದಲಿನಿಂದ ಇಲ್ಲೇ ಇರುವ ಹಳೇ ಊರಿನ ಹಿರಿಯರು ‘ನಮ್ಮ ತಾತಂದಿರು ಆಡುತ್ತಿದ್ದ ಬಯಲಾಟವನ್ನೇ ಆಡೋಣ’ ಎಂದು ಪಟ್ಟು ಹಿಡಿದರು. ಕಲಿಸಲು ಮಾಗಡಿ ಕಡೆಯಿಂದ ಭಾಗವತರೂ ಬಂದರು. ಸುದ್ದಿ ಕೇಳಿ ನನ್ನ ಎದೆ ಕುಣಿಯಿತು. ಬಯಲಾಟದಲ್ಲಿ ಗದೆ ಹಿಡಿದು ಬರುವ ವೀರನ ಪಾತ್ರ ಹುಡುಗನಾಗಿದ್ದಾಗಿನಿಂದ ನನ್ನ ಕನಸು. ಸರೋಜಾ ತರಕಾರಿಗೆ ಹೋದಾಗ ಮಾಪಿನ ಕೋಲನ್ನು ಹೆಗಲಿಗೇರಿಸಿ ನಡುಮನೆಯಲ್ಲಿ ಧಿಮಿ ಧಿಮಿ ಎಂದು ಕುಣಿದಿದ್ದೇನೆ. ಇದು ಇಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಈಗ ನಿಮಗೆ ಗೊತ್ತಾಯಿತು.

ಆಟದ ಉಸ್ತುವಾರಿ ಚೇತನ್‌ನದು. ಹಳೇ ಊರಿನ ಮನೆತನದ ಹುಡುಗ, ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಒಂದು ಬೆಳಿಗ್ಗೆ ಮನೆಗೇ ಬಂದ.

“ಸಾರ್, ಗದೆ ಪಾರ್ಟು ನೀವೇ ಮಾಡ್ಬೇಕು. ನಿಮ್ಮ ವಾಯ್ಸು ಸೂಪರ್ ಸಾರ್.”

ನನ್ನ ಹೃದಯ ಗಂಟಲಿಗೆ ಬಂತು. ಗಂಟಲಿನಿಂದ ಬಾಯಿಗೆ ಬರುವಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿತ್ತು. “ಅಯ್ಯೋ, ನಮಗ್ಯಾಕಪ್ಪ ಅದೆಲ್ಲ, ವಯಸ್ಸಾಯ್ತು. ಯಾರಾದ್ರೂ ಹುಡುಗ್ರಿಗೆ ಕೊಡಿ” ಎಂದು ನೆಲ ನೋಡುತ್ತಾ ಮುಗುಳ್ನಕ್ಕೆ. ಅವನು ಮತ್ತೆ ಕೇಳಿದರೆ ‘ನೋಡೋಣ’ ಎನ್ನುವುದು, ಇನ್ನೂ ಒತ್ತಾಯಿಸಿದರೆ ‘ನೀವೆಲ್ಲ ಇಷ್ಟು ಹೇಳಿದ ಮೇಲೆ’ ಎಂದು ನಿಟ್ಟುಸಿರು ಬಿಟ್ಟು ಒಪ್ಪುವುದು, ಎಲ್ಲ ತಯಾರಿತ್ತು.

“ಓಕೆ ಸಾರ್, ನೋ ಪ್ರಾಬ್ಲಂ. ಫೋರ್ಸ್ ಮಾಡಲ್ಲ” ಎಂದು ಚೇತನ್ ಸ್ಕೂಟರ್ ಹತ್ತಿ ಹೊರಟೇಹೋದ.

ಸಂಜೆಯೊಳಗೆ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಬಂತು: ಗದೆ ಪಾರ್ಟು, ಹಿಟ್ಟಿನ ಗಿರಣಿಯ ಗಂಗಣ್ಣ. ನನಗೆ ಬಂದ ಸಿಟ್ಟು ಹೇಳತೀರದು. ಇಂದಿನ ಹುಡುಗರಿಗೆ ನಯ ಇಲ್ಲ, ನಾಜೂಕಿಲ್ಲ, ಒಂದು ಮಾತು ಮತ್ತೆ ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಮನೆಯೆಲ್ಲ ಓಡಾಡಿದೆ. ಮೇಘನಾ ಎಲ್ಲವನ್ನೂ ಕೇಳಿ, “ದೊಡ್ಡಪ್ಪ, ಅವನು ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟ. ನೀವು ಹೇಳಿದ್ದನ್ನ ನಂಬಿದ” ಎಂದಳು.

ನಾನು ಅಲ್ಲೇ ಕೂತುಬಿಟ್ಟೆ. ಹೌದಲ್ಲ! ಜೀವಮಾನದಲ್ಲಿ ಒಬ್ಬ ಮನುಷ್ಯ ನನ್ನ ಮಾತನ್ನು ಹೇಳಿದಂತೆಯೇ ನಂಬಿದ್ದಾನೆ, ನನಗೆ ಅವಮಾನವಾಗಿದೆ! ಅಂದರೆ ನನ್ನ ‘ಬೇಡ’ ಒಂದು ಪೂರ್ತಿ ಮಾತೇ ಅಲ್ಲ. ಅದು ಅರ್ಧ ಮಾತು, ಉಳಿದರ್ಧ ಎದುರಿನವರ ಬಾಯಲ್ಲಿದೆ. ಅವರು ಮತ್ತೊಮ್ಮೆ ಕೇಳದಿದ್ದರೆ ನನಗೇನು ಬೇಕು ಎಂಬುದು ನನಗೇ ಪೂರ್ತಿಯಾಗುವುದಿಲ್ಲ. ‘ನಾನು’ ಎಂಬುದು ನನ್ನ ಚರ್ಮದೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಚೇತನ್‌ನ ನಾಲಿಗೆಯವರೆಗೂ ಹಬ್ಬಿದೆಯಲ್ಲ! ಈ ಯೋಚನೆಯ ರೋಮಾಂಚನದಲ್ಲಿ ಸಿಟ್ಟೇ ಮರೆತುಹೋಯಿತು. ಆದರೆ ಗದೆ ಮರೆಯಲಿಲ್ಲ.

ಹೋಗಿ ನೇರವಾಗಿ ಕೇಳಿಬಿಡುವುದೆಂದು ತೀರ್ಮಾನಿಸಿದೆ. ಕನ್ನಡಿಯ ಮುಂದೆ ನಿಂತು ‘ನನಗೆ ಆ ಪಾತ್ರ ಬೇಕು’ ಎಂದು ಹೇಳಿ ನೋಡಿದೆ. ನಾಲಿಗೆ ಹೊರಳಲಿಲ್ಲ. ಅಂಗಡಿಯವನ ಹತ್ತಿರ ಕಡಲೆಬೇಳೆ ಬೇಕು ಎಂದಿದ್ದೇನೆ. ಮನುಷ್ಯರ ಹತ್ತಿರ ಬೇಕು ಎಂದು ಹೇಳಿದ ನೆನಪೇ ಇಲ್ಲ. ಬೆವರೊರೆಸಿಕೊಂಡು, ದೇವಸ್ಥಾನದ ಮುಂದೆ ಅಭ್ಯಾಸ ನಡೆಯುತ್ತಿದ್ದಲ್ಲಿಗೆ ಹೋಗಿ, ಚೇತನ್‌ನನ್ನು ಪಕ್ಕಕ್ಕೆ ಕರೆದು ಹೇಳಿಯೇಬಿಟ್ಟೆ.

“ಅಯ್ಯೋ ಸಾರ್, ಅವತ್ತೇ ಹೇಳ್ಬಾರ್ದಾ? ಗಂಗಣ್ಣಂಗೆ ಡ್ರೆಸ್ ಅಳತೆನೂ ಆಗೋಯ್ತು” ಎಂದು ಅವನು ಪೇಚಾಡಿದ.

ಗಂಗಣ್ಣನವರ ಕಿವಿಗೆ ಬಿತ್ತು. ನನ್ನ ವಯಸ್ಸಿನವರು, ನನ್ನ ಕಾಲದವರು. ಹುಬ್ಬಿನಲ್ಲಿ ಇನ್ನೂ ರಾಗಿ ಹಿಟ್ಟಿತ್ತು. ಗದೆ ಮುಂದೆ ಚಾಚಿ, “ಬನ್ನಿ ಸ್ವಾಮಿ, ಅದಕ್ಕೇನಂತೆ, ನೀವೇ ಮಾಡಿ” ಎಂದರು. ನಾನು ಆಸೆಪಟ್ಟ ಗದೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. “ಛೆ ಛೆ, ಬೇಡ ಬೇಡ, ನೀವೇ ಮಾಡಿ” ಎಂದಿತು ನನ್ನ ಬಾಯಿ! ಅವರು ಮತ್ತೆ ಕೇಳುತ್ತಾರೆ, ಆಗ ತಗೊಳ್ಳೋಣ ಎಂದು ತಲೆ ಎತ್ತಿದೆ. ಗದೆಯ ಹಿಡಿಯ ಸುತ್ತ ಗಂಗಣ್ಣನವರ ಬೆರಳು ಬಿಗಿಯಾಗಿದ್ದದ್ದು ಕಂಡಿತು. ಅವರ ‘ನೀವೇ ಮಾಡಿ’ಯೂ ಅವರ ಅಮ್ಮ ಕಲಿಸಿದ್ದೇ. ಮಾಪಿನ ಕೋಲು ಹಿಡಿದು ಕುಣಿದವನು ನಾನೊಬ್ಬನೇ ಅಲ್ಲ. “ನಿಜವಾಗ್ಲೂ ನೀವೇ ಮಾಡಿ ಗಂಗಣ್ಣ” ಎಂದೆ. ಸಂಕಟವಾಯಿತು, ಆದರೆ ನನ್ನ ಬದುಕಿನಲ್ಲಿ ಪೂರ್ತಿಯಾಗಿ ನಾನೇ ಹೇಳಿದ ‘ಬೇಡ’ ಬಹುಶಃ ಅದೊಂದೇ.

ಭಾಗವತರು ಎಲ್ಲವನ್ನೂ ನೋಡುತ್ತಿದ್ದರು. “ಸಾರಥಿ ಪಾರ್ಟು ಖಾಲಿ ಐತೆ, ಯಾರೂ ಒಪ್ತಾ ಇಲ್ಲ. ಮಾಡ್ತೀರಾ?” ಎಂದರು. “ಮಾಡ್ತೀನಿ” ಎಂದೆ, ಅವರು ಕೇಳಿ ಮುಗಿಸುವ ಮೊದಲೇ. ನನಗೇ ಗಾಬರಿಯಾಯಿತು.

ಬಯಲಾಟದ ಸಾರಥಿಗೆ ಕಿರೀಟವಿಲ್ಲ, ಗದೆಯಿಲ್ಲ, ಯುದ್ಧವಂತೂ ಇಲ್ಲ. ರಂಗಕ್ಕೆ ಬಂದ ಪ್ರತಿಯೊಬ್ಬರನ್ನೂ ‘ತಾವು ಯಾರು, ತಮ್ಮ ನಾಮಾಂಕಿತವೇನು’ ಎಂದು ಕೇಳುವುದೇ ಅವನ ಕೆಲಸ. ಅವನು ಕೇಳಿದ ಮೇಲೆಯೇ ರಾಜ ತಾನು ರಾಜನೆಂದು ಹೇಳಿಕೊಳ್ಳುವುದು. ಮೇಘನಾಳಿಗೆ ಇದನ್ನು ಹೇಳಿದರೆ ಕುರ್ಚಿಯಿಂದ ಎದ್ದೇಬಿಟ್ಟಳು. “ದೊಡ್ಡಪ್ಪ, ನಮ್ಮ ಪಾಠ ಪೂರ್ತಿ ಇದೇ!” ಎಂದು ಕೂಗಿದಳು.

ಆಟದ ಸಂಜೆ ರಸ್ತೆ ತುಂಬ ಜನ. ಗಂಗಣ್ಣ ಭುಜಕೀರ್ತಿ ಕಟ್ಟಿ, ಗದೆ ಹೊತ್ತು, ಮದ್ದಳೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾ ಬಂದು ನಿಂತರು. “ತಾವು ಯಾರು? ತಮ್ಮ ನಾಮಾಂಕಿತವೇನು?” ಎಂದೆ. ಗಂಗಣ್ಣ ಬಾಯಿ ತೆರೆದರು. ಮಾತು ಬರಲಿಲ್ಲ. ಗಿರಣಿಯ ಸದ್ದಿನಲ್ಲೂ ಗಿರಾಕಿಗಳಿಗೆ ಕೇಳುವಂತೆ ಕೂಗುವ ಗಂಗಣ್ಣ ಪ್ರಶ್ನೆಪತ್ರಿಕೆ ಕಂಡ ಮಗುವಿನಂತೆ ನನ್ನನ್ನೇ ನೋಡಿದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚೇತನ್ ಮೈಕಿನ ಪಕ್ಕ ಬಿಳಿಚಿಕೊಂಡ.

ಆಗ ನಾನು ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಮತ್ತೆ ಕೇಳಿದೆ. ಬರೀ ಕೇಳಲಿಲ್ಲ, ಅತ್ತೆಯಂದಿರು ಕೋಡುಬಳೆಯ ತಟ್ಟೆ ಮುಂದೆ ಹಿಡಿದಂತೆ ಕೇಳಿದೆ. “ಹೆಗಲ ಮೇಲೆ ಗದೆಯಿದೆ, ಕಣ್ಣಲ್ಲಿ ಕಿಡಿಯಿದೆ, ಹೇಳಲಾರೆ ಎಂದರೆ ಬಿಡುವವನಲ್ಲ ಈ ಸಾರಥಿ. ತಾವು ಯಾರು?” ಜನ ನಕ್ಕರು. ಗಂಗಣ್ಣ ಗದೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. ನಾನು ಇನ್ನೂ ಹತ್ತಿರ ಹೋಗಿ, ಈ ಸಲ ಮೆತ್ತಗೆ, “ಹೇಳೋಣವಾಗಲಿ ಸ್ವಾಮಿ” ಎಂದೆ.

“ಎಲೈ ಸಾರಥಿ!” ಎಂದು ಗಂಗಣ್ಣ ಗರ್ಜಿಸಿದರು ನೋಡಿ, ದೇವಸ್ಥಾನದ ಗೋಪುರದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಗದೆ ಅವರ ಕೈಯಲ್ಲಿತ್ತು, ಚಪ್ಪಾಳೆ ಅವರಿಗೇ ಬಿತ್ತು. ಕುಣಿಯಬೇಕೆನಿಸುವಷ್ಟು ಖುಷಿ ಮಾತ್ರ ನನಗೆ ಯಾಕಾಯಿತೋ ತಿಳಿಯದು.

ಆಟ ಮುಗಿದ ಮೇಲೆ ಚೇತನ್ ಓಡಿ ಬಂದು ನನ್ನ ಕೈ ಹಿಡಿದುಕೊಂಡ. “ಸಾರ್, ಮುಂದಿನ ವರ್ಷ ಗದೆ ಪಾರ್ಟು ನೀವೇ ಮಾಡ್ಬೇಕು.”

“ಅಯ್ಯೋ, ನಮಗ್ಯಾಕಪ್ಪ ಅದೆಲ್ಲ” ಎಂದಿತು ಬಾಯಿ.

“ಓಕೆ ಸಾರ್” ಎಂದು ಅವನು ಹೊರಟ. ನಾಲ್ಕು ಹೆಜ್ಜೆ ಹೋದವನು ಯಾಕೋ ನಿಂತ. ತಿರುಗಿ ನನ್ನ ಮುಖವನ್ನೇ ನೋಡಿ, ನಗುತ್ತಾ ವಾಪಸ್ ಬಂದ.

“ಸಾರ್, ಇನ್ನೊಂದು ಸಲ ಕೇಳ್ಲಾ?”

“ಕೇಳಪ್ಪ” ಎಂದೆ.